ಕ್ಯಾಪ್ಟನ್‌ಗೆ ಬಾಯಿ ಕಲಿಸಿದ ನೆಲದ ಮೇಡಂ

ರಾಜಾನುಕುಂಟೆ ದಾಟಿ ಎಡಕ್ಕೆ ತಿರುಗಿ, ದ್ರಾಕ್ಷಿ ತೋಟಗಳೂ ಸೈಟು ಮಾರುವವರ ಬೋರ್ಡುಗಳೂ ಒಂದನ್ನೊಂದು ನೂಕಾಡುತ್ತಿರುವ ದಾರಿಯಲ್ಲಿ ಮೂರು ಕಿಲೋಮೀಟರ್ ಹೋದರೆ ಗಯಾಸ್ ಸಾಹೇಬರ ವಿಮಾನ ಶಾಲೆ ಸಿಗುತ್ತದೆ. ಒಂದು ರನ್‌ವೇ, ಒಂದು ಶೆಡ್ಡು, ಇಬ್ಬಿಬ್ಬರು ಕೂರುವ ನಾಲ್ಕು ಪುಟ್ಟ ವಿಮಾನ, ಒಂದು ಕ್ಯಾಂಟೀನು. ಇವೆಲ್ಲದರ ಹಿಂದೆ, ನೀರಿನ ಟ್ಯಾಂಕಿನ ಪಕ್ಕ, ತಗಡಿನ ಮಾಡಿನ ಒಂದು ಕೋಣೆ. ಮಲ್ಕಾ ಹದಿನೇಳು ವರ್ಷದಿಂದ ಪಾಠ ಹೇಳುತ್ತಿರುವುದು ಆ ಕೋಣೆಯಲ್ಲಿ. ಶಾಲೆಯ ಬಣ್ಣದ ಪುಸ್ತಿಕೆಯಲ್ಲಿ ರನ್‌ವೇ ಇದೆ, ವಿಮಾನಗಳಿವೆ, ಕ್ಯಾಂಟೀನಿನ ಮುಂದಿನ ಕಾಗದದ ಹೂವಿನ ಗಿಡವೂ ಇದೆ. ಕೋಣೆಯ ಚಿತ್ರ ತೆಗೆಯಬೇಕೆಂದು ಮಾತ್ರ ಯಾರಿಗೂ ಅನ್ನಿಸಿರಲಿಲ್ಲ.

ಮಲ್ಕಾ ನೆಲದ ಶಿಕ್ಷಕಿ. ವಿಮಾನ ಯಾಕೆ ಏಳುತ್ತದೆ, ಯಾಕೆ ಬೀಳುತ್ತದೆ, ಯಾವ ಮೋಡ ಕಂಡರೆ ಹೆದರಬೇಕು, ನಕ್ಷೆಯಲ್ಲಿ ದಾರಿ ಹೇಗೆ ಎಳೆಯಬೇಕು, ಇದನ್ನೆಲ್ಲ ಬೋರ್ಡಿನ ಮೇಲೆ ಕಲಿಸುವವಳು. ಅದಕ್ಕೇ ಒಂದು ಸರ್ಟಿಫಿಕೇಟು ಉಂಟು. ಆಕಾಶದಲ್ಲಿ ಪಕ್ಕದ ಸೀಟಿನಲ್ಲಿ ಕೂತು ಕಲಿಸುವವರ ಸರ್ಟಿಫಿಕೇಟು ಬೇರೆ. ಅದು ಇದ್ದವರಿಗೆ ಭುಜದ ಮೇಲೆ ಚಿನ್ನದ ಬಣ್ಣದ ಪಟ್ಟಿ, ಕಣ್ಣಿಗೆ ಕಪ್ಪು ಕನ್ನಡಕ, ಎಲ್ಲರ ಬಾಯಲ್ಲೂ ‘ಕ್ಯಾಪ್ಟನ್’ ಅನ್ನಿಸಿಕೊಳ್ಳುವ ಭಾಗ್ಯ. ನೆಲದವರಿಗೆ ಸಿಗುವುದು ಸೀಮೆಸುಣ್ಣದ ಪುಡಿ, ಜೊತೆಗೆ ಒಂದು ‘ಮೇಡಂ’.

ಹಾಗಂತ ಅವಳು ನೆಲದಲ್ಲೇ ಉಳಿಯಬೇಕೆಂದು ಹೊರಟವಳಲ್ಲ. ಅಪ್ಪ ಹಬೀಬುಲ್ಲಾ ಆರ್.ಟಿ. ನಗರದಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಯಲಹಂಕದಲ್ಲಿ ಏರ್ ಶೋ ಬಂದಾಗಲೆಲ್ಲ ಅಂಗಡಿಗೆ ಬೀಗ ಹಾಕಿ ಮಗಳನ್ನು ತಾರಸಿಗೆ ಹತ್ತಿಸುತ್ತಿದ್ದರು. ಬೇರೆ ಮಕ್ಕಳು ಸದ್ದಿಗೆ ಕಿವಿ ಮುಚ್ಚಿಕೊಂಡರೆ ಈ ಹುಡುಗಿ ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದಳು. ಇಪ್ಪತ್ತೆರಡು ವರ್ಷಕ್ಕೆ ಪೈಲಟ್ ಪರೀಕ್ಷೆಯ ಓದುವ ಪೇಪರುಗಳನ್ನೆಲ್ಲ ಒಂದೇ ಏಟಿಗೆ ಮುಗಿಸಿದಳು. ಆಮೇಲೆ ದೇಹ ಪರೀಕ್ಷೆ. ಚಿಕ್ಕಂದಿನಲ್ಲಿ ಕಿವಿ ಸೋರಿ ಎಡಗಿವಿಯ ತಮಟೆಗೆ ತೂತು ಬಿದ್ದಿತ್ತು. ಡಾಕ್ಟರು ಬಲಗಿವಿ ಮುಚ್ಚಿಸಿ, ಹಿಂದೆ ನಿಂತು ಪಿಸುಗುಟ್ಟಿದ ಒಂದು ಮಾತೂ ಅವಳಿಗೆ ಕೇಳಿಸಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಅತ್ತರು, ಮಲ್ಕಾ ಅಳಲಿಲ್ಲ. ನೆಲದ ಮೇಲೆ ಪಾಠ ಹೇಳಲು ಕಿವಿಯನ್ನು ಯಾರೂ ತಪಾಸಣೆ ಮಾಡುವುದಿಲ್ಲ ಎಂದು ಮೂರೇ ವಾರದಲ್ಲಿ ಪತ್ತೆ ಹಚ್ಚಿ ಆ ಬಾಗಿಲಿನಿಂದ ಒಳಗೆ ಬಂದಳು. ಬಂದವಳು ಮತ್ತೆ ಹೊರಗೆ ಹೋಗಲಿಲ್ಲ. ಅವಳ ಕೋಣೆಯಲ್ಲಿ ಓದಿದವರಲ್ಲಿ ಒಬ್ಬರಾದರೂ ಹವಾಮಾನದ ಪೇಪರಿನಲ್ಲಿ ಫೇಲಾಗಿ ಆರು ವರ್ಷದ ಮೇಲಾಯಿತು.

ಇಂಥವಳ ಕೋಣೆಗೆ ಕಂಟಕ ಬಂದದ್ದು ಕಳೆದ ನವೆಂಬರಿನಲ್ಲಿ.

ಗಯಾಸ್ ಸಾಹೇಬರು ವಿಮಾನಕ್ಕೆ ಬರುವ ಮೊದಲು ಮದುವೆ ಬಸ್ಸು ಓಡಿಸುತ್ತಿದ್ದವರು. ಒಬ್ಬನೇ ಮನುಷ್ಯ ಡ್ರೈವರೂ ಕ್ಲೀನರೂ ಆದರೆ ಅವರಿಗೆ ಪರಮಾನಂದ. ಕೆಟ್ಟವರಲ್ಲ, ಆದರೆ ಇಬ್ಬರು ನಿಂತಿರುವುದನ್ನು ಕಂಡರೆ ಒಬ್ಬರು ಯಾಕೆ ಎಂದು ಕೇಳದೆ ಅವರಿಗೆ ನಿದ್ದೆ ಬರುವುದಿಲ್ಲ. ಆ ದಿನ ಎಲ್ಲರನ್ನೂ ಆಫೀಸಿಗೆ ಕರೆದು ಬಾಲರಾಜ್‌ನ ಬೆನ್ನು ತಟ್ಟಿದರು.

ಬಾಲರಾಜ್ ರಾಜಾನುಕುಂಟೆಯವನೇ, ಮೂವತ್ನಾಲ್ಕರ ಪ್ರಾಯ. ಅವನ ಕೈಯಲ್ಲಿ ವಿಮಾನ ಇಳಿಯುವುದನ್ನು ನೋಡಬೇಕು. ಚಕ್ರ ನೆಲ ಮುಟ್ಟಿದ್ದು ಯಾವಾಗ ಎಂದು ಒಳಗೆ ಕೂತವರಿಗೇ ಗೊತ್ತಾಗುವುದಿಲ್ಲ. ಆದರೆ ಅವನು ಇನ್ನೂ ಸಹಾಯಕ ಶಿಕ್ಷಕ. ವಿದ್ಯಾರ್ಥಿಯ ಪಕ್ಕ ಕೂತು ಕಲಿಸಬಹುದು, ‘ಇನ್ನು ಒಬ್ಬನೇ ಹೋಗು’ ಎಂದು ಸಹಿ ಹಾಕುವಂತಿಲ್ಲ. ಆ ಸಹಿಗೆ ವಾರಕ್ಕೆರಡು ದಿನ ಬೇರೆ ಊರಿನಿಂದ ಒಬ್ಬ ಹಿರಿಯ ಕ್ಯಾಪ್ಟನ್ ಬಂದು ಹೋಗುತ್ತಿದ್ದರು. ಬಾಲರಾಜ್ ಪೂರ್ತಿ ಶಿಕ್ಷಕನಾಗಲು ಪರೀಕ್ಷೆಗೆ ಕೂರುವವನಿದ್ದ.

“ಪೂರ್ತಿ ಸರ್ಟಿಫಿಕೇಟ್ ಇರೋರು ಮೇಲೂ ಕಲಿಸ್ಬಹುದು, ಕೆಳಗೂ ಕಲಿಸ್ಬಹುದು,” ಎಂದರು ಸಾಹೇಬರು. “ನೆಲದ ಸರ್ಟಿಫಿಕೇಟಿನೋರು ಕೆಳಗೆ ಮಾತ್ರ. ಹಂಗಿದ್ಮೇಲೆ ಇಬ್ಬರು ಯಾಕ್ರೀ? ಬಾಲರಾಜ್ ಪಾಸಾಗಲಿ, ಹೊಸ ಬ್ಯಾಚಿಂದ ಮೇಡಂ ಕ್ಲಾಸು ನಿಲ್ಸೋಣ. ಮೇಡಂ, ಬೇಜಾರ್ ಮಾಡ್ಕೋಬೇಡಿ.”

ಬಾಲರಾಜ್ ಮಲ್ಕಾಳ ಎಡಗಡೆ ನಿಂತಿದ್ದ. ಪಕ್ಕದವನ ಕಡೆ ಬಾಗಿ, ಇವಳಿಗೆ ಕೇಳುವುದಿಲ್ಲವೆಂಬ ಧೈರ್ಯದಲ್ಲಿ ಅಂದ: “ಬೋರ್ಡಲ್ಲಿ ಬರ್ದಿದ್ದು ಮೇಲಕ್ಕೋದ್ಮೇಲೆ ಯಾವನಿಗೆ ನೆನಪಿರುತ್ತೆ ಗುರು? ಸ್ಟಿಕ್ಕೇ ಹಿಡೀದೇ ಇರೋರು ಏನ್ ಹೇಳ್ಕೊಡ್ತಾರೆ?”

ಒಂದು ಕಿವಿ ಮಂದವಾದವರು ಇನ್ನೊಂದನ್ನು ಎಷ್ಟು ಚುರುಕಾಗಿ ಇಟ್ಟುಕೊಂಡಿರುತ್ತಾರೆ ಎಂಬುದು ಪಾಪ, ಅವನಿಗೆ ಗೊತ್ತಿರಲಿಲ್ಲ. ಮಲ್ಕಾಳಿಗೆ ಅಕ್ಷರ ಅಕ್ಷರವೂ ಕೇಳಿಸಿತು. ಮೈಯೆಲ್ಲ ಉರಿದು ಹೋಯಿತು. ಎದ್ದು ಹೋಗಿ ಕೋಣೆಯ ಬೋರ್ಡನ್ನು ಎರಡು ಸಲ ಒರೆಸಿದಳು, ಅದರ ಮೇಲೆ ಏನೂ ಬರೆದಿರಲಿಲ್ಲ.

ಹತ್ತು ದಿನಕ್ಕೆ ಪರೀಕ್ಷೆ ಆಯಿತು. ಪರೀಕ್ಷಕರು ಹುಬ್ಬಳ್ಳಿ ಕಡೆಯವರು, ನಲವತ್ತು ವರ್ಷ ಹಾರಿದವರು, ಮೀಸೆಯಲ್ಲೇ ನಗುವವರು. ವಿದ್ಯಾರ್ಥಿಯ ಸೀಟಿನಲ್ಲಿ ತಾವು ಕೂತು, “ನಂಗ ಏನೂ ಗೊತ್ತಿಲ್ಲ ಅಂತ ತಿಳಕೋರಿ. ವಿಮಾನ ಇಳಿಸೋದು ಕಲಸ್ರಿ,” ಎಂದರಂತೆ. ಬಾಲರಾಜ್ ವಿಮಾನದ ಮೂಗು ಏರಿಳಿಸುವ ಕೈಕೋಲನ್ನು ತಾನೇ ಹಿಡಿದು ಬೆಣ್ಣೆಯ ಹಾಗೆ ಇಳಿಸಿದ. ಇಳಿಸಿ ಅವರ ಕಡೆ ತಿರುಗಿ, “ಹಿಂಗೆ ಸಾರ್,” ಎಂದ. ಇನ್ನೊಮ್ಮೆ ಕಲಿಸಿ ಎಂದರು. ಇನ್ನೊಮ್ಮೆಯೂ “ಹಿಂಗೆ”. ಮೂರನೆಯ ಸಲ ಅವರೇ ಕೋಲು ಹಿಡಿದರೆ ಅರ್ಧದಲ್ಲಿ ಬಾಲರಾಜ್ ಕಿತ್ತುಕೊಂಡು ತಾನೇ ಇಳಿಸಿದ.

“ಛಂದ ಇಳಿಸಿದ್ರಿ,” ಎಂದರು ಪರೀಕ್ಷಕರು ಕೆಳಗಿಳಿದು. “ನಂಗೇನು ಕಲಿಸಿದ್ರಿ? ಮೂರು ವಾರ ಬಿಟ್ಟು ಇನ್ನೊಮ್ಮೆ ಬರ್ತೀನಿ.”

ಬಾಲರಾಜ್ ಫೇಲು. ಸುದ್ದಿ ಕೇಳಿ ಮಲ್ಕಾಳಿಗೆ ಸಂತೋಷವಾಯಿತು. ಮುಚ್ಚುಮರೆ ಯಾಕೆ, ಬಹಳ ಸಂತೋಷವಾಯಿತು. ಕ್ಯಾಂಟೀನಿಗೆ ಹೋಗಿ ಮುನಿಯಲ್ಲಮ್ಮನ ಕೈಯಿಂದ ಎರಡು ಬೋಂಡಾ ಹೆಚ್ಚಿಗೆ ಹಾಕಿಸಿಕೊಂಡು ತಿಂದಳು. ಕೋಣೆ ಉಳಿಯಿತು, ಆ ಬಾಯಿಬಡುಕನಿಗೂ ಶಾಸ್ತಿಯಾಯಿತು.

ಆ ಸಂತೋಷ ಬಾಳಿದ್ದು ಮರುದಿನ ಮಧ್ಯಾಹ್ನದವರೆಗೆ. ಬಾಗಲಗುಂಟೆಯ ಜೋಯಾ ಎಂಬ ಹುಡುಗಿ, ಇಪ್ಪತ್ತು ವರ್ಷದವಳು, ಬಾಲರಾಜ್‌ನ ಕೈಕೆಳಗೆ ಹಾರಲು ಕಲಿಯುತ್ತಿದ್ದವಳು, ಪಾಠ ಮುಗಿದ ಮೇಲೂ ಬೆಂಚು ಬಿಟ್ಟು ಏಳಲಿಲ್ಲ. ಏನೆಂದು ಕೇಳಿದರೆ ಕಣ್ಣಲ್ಲಿ ನೀರು.

“ಮೇಡಂ, ನಲವತ್ತೆರಡು ಲ್ಯಾಂಡಿಂಗ್ ಆಗಿದೆ ನಂದು. ಒಂದೂ ನಾನ್ ಮಾಡಿದ್ದಲ್ಲ. ನೆಲ ಹತ್ರ ಬರ್ತಿದ್ದಂಗೆ ಸಾರ್ ‘ಬಿಡು ಬಿಡು, ನೋಡು, ಹಿಂಗೆ’ ಅಂತ ತಾವೇ ತಗೊಂಡ್ಬಿಡ್ತಾರೆ. ನಾನು ನೋಡ್ತೀನಿ. ಆದ್ರೆ ಏನನ್ನ ನೋಡ್ಬೇಕು ಅಂತ್ಲೇ ಗೊತ್ತಾಗಲ್ಲ. ನಾಳೆ ಒಬ್ಳನ್ನೇ ಕಳಿಸಿದ್ರೆ ಏನ್ ಮಾಡ್ಲಿ?”

ಮಲ್ಕಾ ಅವಳಿಗೆ ನೀರು ಕೊಟ್ಟಳು. ತಾನೂ ಕುಡಿದಳು. ಇಷ್ಟು ದಿನ ಹೊಳೆಯದಿದ್ದ ಒಂದು ವಿಷಯ ಈಗ ಎದುರಿಗೆ ಬಂದು ನಿಂತಿತ್ತು. ಬಾಲರಾಜ್ ಇಂದಲ್ಲ ನಾಳೆ ಹೇಗೋ ಪಾಸಾಗುತ್ತಾನೆ. ಪಾಸಾದ ಮರುದಿನ ಜೋಯಾಳ ಹಾರಾಟದ ಪುಸ್ತಕದಲ್ಲಿ ಸಹಿ ಹಾಕುತ್ತಾನೆ. ಈ ಮಗು ಒಬ್ಬಳೇ ಮೇಲೆ ಹೋಗುತ್ತದೆ, ಇಳಿಸಲು ಬರುವುದಿಲ್ಲ.

ಎರಡು ದಿನ ಕಳೆದು ಬಾಲರಾಜ್‌ನೇ ಕೋಣೆಯ ಬಾಗಿಲಿಗೆ ಬಂದ. ಈ ಸಲ ಅವಳ ಬಲಗಡೆ ಬಂದು ನಿಂತ.

“ಮೇಡಂ, ಒಂದ್ ನಿಮಿಷ ಫ್ರೀ ಇದೀರಾ? ಹಾರ್ಸೋಕ್ ಬರುತ್ತೆ ನಂಗೆ. ಹೇಳೋಕ್ ಬರಲ್ಲ.”

“ಅಂದ್ರೆ, ನನ್ನ ಕ್ಲಾಸ್ ಮುಚ್ಸೋಕೆ ನಾನೇ ನಿಮಗೆ ಟ್ಯೂಷನ್ ಹೇಳ್ಬೇಕಾ ಬಾಲರಾಜ್ ಅವ್ರೇ?”

ಅವನು ಬೂಟು ನೋಡಿಕೊಂಡ. “ಬೇರೆ ಯಾರ್ನ ಕೇಳ್ಬೇಕೋ ಗೊತ್ತಾಗ್ಲಿಲ್ಲ ಮೇಡಂ.”

“ಆವತ್ತು ನೀವಂದಿದ್ದು ಕೇಳಿಸ್ತು ನಂಗೆ.”

“ತಪ್ಪಾಯ್ತು ಮೇಡಂ,” ಎಂದ. ನೆಪ ಹೇಳಲಿಲ್ಲ, ಅದೊಂದು ಅವಳಿಗೆ ಹಿಡಿಸಿತು.

ಆ ಸಂಜೆ ಮನೆಯಲ್ಲಿ ವಿಷಯ ಕೇಳಿ ಗಂಡ ಮೊಹಮ್ಮದ್ ತಟ್ಟೆಯ ಮೇಲಿನ ಕೈ ಎತ್ತಿದ. ಅವನದು ಆರ್.ಟಿ. ನಗರದಲ್ಲೇ ಕನ್ನಡಕದ ಅಂಗಡಿ, ಮಾತು ಕಡಿಮೆ. “ಕ್ಯಾ ಜೀ, ಉಸ್ಕು ಪಾಸ್ ಕರಾಕೋ ತುಮೆ ಘರ್ ಮೇ ಬೈಟ್ತೇ ಕ್ಯಾ?” ಎಂದ. ಅವನನ್ನು ಪಾಸು ಮಾಡಿಸಿ ನೀನು ಮನೆಯಲ್ಲಿ ಕೂರುತ್ತೀಯಾ ಎನ್ನುವ ಪ್ರಶ್ನೆಯನ್ನು ಮಲ್ಕಾ ದಿನವೆಲ್ಲ ತನ್ನನ್ನೇ ಕೇಳಿಕೊಂಡಿದ್ದಳು. ಹದಿನೇಳು ವರ್ಷದ ಕೋಣೆ. ಅದು ಹೋದರೆ ತಾನು ಯಾರು ಎಂದು ಯೋಚಿಸಲೂ ಭಯವಾಯಿತು. ಆದರೂ ಜೋಯಾಳ ಮುಖ ಕಣ್ಣ ಮುಂದಿನಿಂದ ಸರಿಯಲೊಲ್ಲದು. ಗೊತ್ತಿರುವುದನ್ನು ಗೊತ್ತಿಲ್ಲದವನಿಗೆ ಹೇಳದೆ ಬಚ್ಚಿಟ್ಟುಕೊಂಡರೆ ತನ್ನ ಸರ್ಟಿಫಿಕೇಟನ್ನು ತಾನೇ ಹರಿದ ಹಾಗೆ ಎಂದು ಗಂಡನಿಗೆ ಹೇಳಿದಳು. ಅವನು ಇನ್ನೊಂದು ಚಪಾತಿ ಹಾಕಿಸಿಕೊಂಡು, ಸರಿ ಎಂದ.

ಮರುದಿನ ಬಾಲರಾಜ್‌ಗೆ ಅವಳ ಮೊದಲ ಮಾತು, “ಇವತ್ತಿಂದ ನೀನು ನನ್ನ ಸ್ಟೂಡೆಂಟು. ಕನ್ನಡಕ ತೆಗೆದು ಜೇಬಲ್ಲಿಡು.” ‘ನೀವು’ ಆ ಕ್ಷಣಕ್ಕೆ ‘ನೀನು’ ಆಯಿತು, ಅವನು ಕನ್ನಡಕ ತೆಗೆದು ಜೇಬಿಗಿಟ್ಟ.

ಕೋಣೆಯ ನಡುವೆ ಎರಡು ಪ್ಲಾಸ್ಟಿಕ್ ಕುರ್ಚಿ ಅಕ್ಕಪಕ್ಕ. ವಿದ್ಯಾರ್ಥಿಯ ಕುರ್ಚಿಯಲ್ಲಿ ಮಲ್ಕಾ, ಅವಳ ಮಂಡಿಗಳ ನಡುವೆ ಕೈಕೋಲಿನ ಬದಲು ಪೊರಕೆಯ ಹಿಡಿ. ಪಕ್ಕದ ಕುರ್ಚಿಯಲ್ಲಿ ಬಾಲರಾಜ್, ಎರಡೂ ಅಂಗೈ ತೊಡೆಯ ಕೆಳಗೆ. “ಈಗ ನನ್ನ ಇಳಿಸು. ಬಾಯಲ್ಲಿ,” ಎಂದಳು.

“ಮೇಡಂ, ಈಗ ನೀವು... ಹಿಂಗೆ...” ತೊಡೆಯ ಕೆಳಗಿಂದ ಕೈ ಹೊರಗೆ ಬಂತು. ಮಲ್ಕಾ ಡಸ್ಟರಿನಿಂದ ಒಂದು ಕೊಟ್ಟಳು, ಅಂಗಿಯ ತೋಳಿನ ಮೇಲೆ ಬಿಳಿ ಗುರುತು ಬಿತ್ತು.

“‘ಹಿಂಗೆ’ ಅಂದ್ರೆ ಎಷ್ಟು? ಯಾವಾಗ? ಏನ್ ಕಂಡ್ರೆ?”

“ಅದು ಕೈಗೇ ಗೊತ್ತಾಗುತ್ತೆ ಮೇಡಂ.”

“ನಿನ್ನ ಕೈಗೆ ಗೊತ್ತಾಗುತ್ತೆ ಕಣೋ. ಆ ಹುಡುಗಿ ಕೈಗೆ ಯಾರಪ್ಪ ಹೇಳ್ತಾನೆ?”

ನಾಲ್ಕು ದಿನ ಇದೇ ರಗಳೆ. ಐದನೆಯ ದಿನಕ್ಕೆ ಅವನ ಅಂಗಿಯ ತೋಳು ಬೋರ್ಡಿಗಿಂತ ಬೆಳ್ಳಗಿತ್ತು, ಬಾಯಿ ಮಾತ್ರ ಬಂದಿರಲಿಲ್ಲ. ಮಲ್ಕಾಳಿಗೂ ಸಾಕುಸಾಕಾಗಿ, ಟೀ ಕುಡಿಯೋಣ ಬಾ ಎಂದು ಕ್ಯಾಂಟೀನಿಗೆ ಎಳೆದುಕೊಂಡು ಹೋದಳು.

ಅಲ್ಲಿ ಮುನಿಯಲ್ಲಮ್ಮ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತ ಕೂತಿದ್ದಳು. ಫೋನು ಪಕ್ಕದ ಡಬ್ಬಕ್ಕೆ ಒರಗಿತ್ತು. ಆ ಕಡೆ ಯಶವಂತಪುರದಲ್ಲಿ ಅವಳ ಸೊಸೆ, ಮಂಗಳೂರಿನ ಹುಡುಗಿ, ಜನ್ಮದಲ್ಲಿ ಮೊದಲ ಸಲ ರಾಗಿ ಮುದ್ದೆಗೆ ಕೈ ಹಾಕಿದ್ದಳು.

“ಎಸ್ರು ಮಳ್ಳುತಾ ಐತಾ? ಇನ್ನೂ ಇಲ್ವಾ? ಮೊದ್ಲು ತಳದಾಗೆ ಸಣ್ ಗುಳ್ಳೆ ಬತ್ತವೆ, ಆಮ್ಯಾಕೆ ಸದ್ದು ದಪ್ಪಕ್ಕಾಯ್ತದೆ. ಅಲ್ಲೀಗಂಟ ಸುಮ್ಕಿರವ್ವ... ಆಯ್ತಾ? ಈಗ ರಾಗಿ ಇಟ್ಟು ಮದ್ಯಕ್ಕೆ ಉಯ್ಯಿ, ಗುಡ್ಡೆ ಅಂಗೆ. ಕೋಲು ಮುಟ್ಬ್ಯಾಡ. ಈಗ ಕೇಳು, ಇನ್ನೊಂದು ಗಳಿಗೆಗೆ ಸುತ್ತಾನೂ ಉಕ್ಕಿ ಬತ್ತದೆ, ಎದ್ರುಕೊಂಡು ಕೋಲಾಕ್ಬುಟ್ಟೀಯ! ಉರಿ ಸಣ್ಣಕ್ ಮಾಡು ಅಷ್ಟೇಯ.” ಫೋನಿನಿಂದ ‘ಅಯ್ಯೋ ಅತ್ತೆ, ಉಕ್ತಾ ಉಂಟು’ ಎಂಬ ಕೂಗು. “ಊಂ, ಅದೇ ನಾನೇಳಿದ್ದು. ಏನೂ ಆಗಕಿಲ್ಲ. ಉರಿ ಸಣ್ಣಕ್ ಮಾಡು.”

ಬಾಲರಾಜ್ ಟೀ ಲೋಟ ಎತ್ತಿದವನು ಹಾಗೇ ಹಿಡಿದುಕೊಂಡಿದ್ದ.

“ಅವಳ ಕೈ ನೋಡು,” ಎಂದಳು ಮಲ್ಕಾ ಮೆಲ್ಲಗೆ. “ಅವರೆಕಾಯಲ್ಲಿದೆ. ಪಾತ್ರೆ ಯಶವಂತಪುರದಲ್ಲಿದೆ. ಕೋಲು ಕಿತ್ಕೊಳ್ಳೋಕ್ಕಾಗುತ್ತಾ ಅವಳಿಗೆ?”

“ಆಗೋಕ್ ಮುಂಚೆ ಹೇಳ್ತಿದಾಳೆ ಮೇಡಂ,” ಎಂದ ಬಾಲರಾಜ್. “ನಾನು ಆದ್ಮೇಲೆ ಹೇಳ್ತೀನಿ. ಆ ಹುಡ್ಗಿಗೆ ಮುಂಚೇನೇ ಗೊತ್ತು ಏನ್ ಬರುತ್ತೆ ಅಂತ, ಅದಕ್ಕೇ ಕೂಗಿದ್ರೂ ಕೋಲು ಹಾಕ್ಲಿಲ್ಲ.” ಅವನ ದನಿಯಲ್ಲಿ ಎಂಥ ಬೆರಗಿತ್ತೆಂದರೆ ಮುನಿಯಲ್ಲಮ್ಮ ಫೋನಿನಿಂದ ತಲೆಯೆತ್ತಿ, “ಏನಾಯ್ತು ಈ ಕ್ಯಾಪ್ಟನ್ನಿಗೆ?” ಎಂದಳು.

ಅಲ್ಲಿಂದ ಅವನ ಬಾಯಿ ತೆರೆಯಿತು. ಕೈ ಏನು ಮಾಡುತ್ತದೆ ಎಂಬುದನ್ನು ಅವನು ತನ್ನನ್ನೇ ಕೇಳಿಕೊಳ್ಳತೊಡಗಿದ. ನೆಲ ಓಡಿ ಬರುವಂತೆ ಕಾಣುವುದು ಎಷ್ಟು ಎತ್ತರದಲ್ಲಿ, ಆಗ ಕಣ್ಣು ರನ್‌ವೇಯ ತುದಿಗೆ ಯಾಕೆ ಹೋಗಬೇಕು, ಕೋಲನ್ನು ಹಿಂದಕ್ಕೆ ಎಳೆಯುವುದು ಎಂದರೆ ಎಷ್ಟು ಬೆರಳಿನಷ್ಟು. ಹನ್ನೆರಡು ವರ್ಷದಿಂದ ಮಾಡುತ್ತ ಬಂದದ್ದನ್ನು ಮೊದಲ ಸಲ ತಾನೇ ಕೇಳಿಸಿಕೊಂಡು ಬೆರಗಾಗುತ್ತಿದ್ದ.

ಆದರೆ ಹುಷಾರಾದ ವಿದ್ಯಾರ್ಥಿಗಳಿಗೆಲ್ಲ ಬರುವ ರೋಗ ಅವನಿಗೂ ಬಂತು. ಎಲ್ಲವನ್ನೂ ನಾಲ್ಕು ಹಾಳೆ ಬರೆದು ಉರು ಹೊಡೆದುಬಿಟ್ಟ. ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಮಂತ್ರದ ಹಾಗೆ ಹೇಳತೊಡಗಿದಾಗ ಮಲ್ಕಾ ಬೇಕೆಂದೇ ಪೊರಕೆಯ ಹಿಡಿಯನ್ನು ಹೊಟ್ಟೆಗೆ ಎಳೆದುಕೊಂಡಳು. ವಿಮಾನವಾಗಿದ್ದರೆ ಮೂಗು ಆಕಾಶಕ್ಕೆ ನೆಟ್ಟು ಹೋಗುವಷ್ಟು. ಬಾಲರಾಜ್, “ಈಗ ಮೂಗು ಮೆಲ್ಲಗೆ ಇಳೀತಾ ಇದೆ, ಚೆನ್ನಾಗಿದೆ,” ಎಂದು ಮುಂದುವರಿಸಿದ.

“ನಾವಿಬ್ರೂ ಸತ್ತು ಎರಡ್ ನಿಮಿಷ ಆಯ್ತು,” ಎಂದಳು ಮಲ್ಕಾ. “ನೀನಿನ್ನೂ ಚೆನ್ನಾಗಿದೆ ಅಂತಿದೀಯ. ಹಾಳೆ ನೋಡ್ಬೇಡ, ನನ್ನ ನೋಡು. ನಾನೇನ್ ತಪ್ಪು ಮಾಡ್ತೀನಿ ಅದಕ್ಕೆ ಮಾತಾಡು.”

ನಾಲ್ಕು ಹಾಳೆಯನ್ನೂ ಅವತ್ತೇ ಬೋಂಡಾ ಕಟ್ಟಲು ಮುನಿಯಲ್ಲಮ್ಮನಿಗೆ ಕೊಟ್ಟಾಯಿತು. ಉಳಿದ ಎಂಟು ದಿನ ಮಲ್ಕಾ ತಪ್ಪು ಮಾಡುವುದೇ ಕೆಲಸ ಮಾಡಿಕೊಂಡಳು. ಬೇಗ ಎಳೆದಳು, ತಡವಾಗಿ ಎಳೆದಳು, ಹೆದರಿದವಳ ಹಾಗೆ ಕೋಲು ಬಿಟ್ಟಳು, ಒಮ್ಮೆ ಅತ್ತೂ ತೋರಿಸಿದಳು. ಹದಿನೇಳು ವರ್ಷದಲ್ಲಿ ಬಂದುಹೋದ ವಿದ್ಯಾರ್ಥಿಗಳು ಮಾಡಬಹುದಾದ ತಪ್ಪುಗಳೆಲ್ಲ ಅವಳ ತಲೆಯಲ್ಲಿ ಸಾಲಾಗಿ ಕೂತಿದ್ದವು. ಪ್ರತಿಯೊಂದಕ್ಕೂ ಅವನ ಬಾಯಿ ಉತ್ತರ ಹುಡುಕಿತು. ಕೊನೆಯ ದಿನ ಕೈಗಳು ತೊಡೆಯ ಮೇಲಿದ್ದರೂ ಏಳಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ದ್ರಾಕ್ಷಿ ತೋಟಗಳ ಮೇಲೆ ಮಂಜು ಕೂತು ಒಂಬತ್ತೂವರೆಗೆ ಎದ್ದಿತು. ಮಲ್ಕಾ ತರಗತಿಗೆ ಒಂದು ಲೆಕ್ಕ ಕೊಟ್ಟು ಬೇಲಿಯ ಹತ್ತಿರ ಬಂದು ನಿಂತಳು. ಜೋಯಾ ಅವಳ ಬಲಗಡೆ ಬಂದು ನಿಂತಳು. ವಿಮಾನದೊಳಗಿನ ಮಾತು ನೆಲಕ್ಕೆ ಕೇಳುವುದಿಲ್ಲ, ನೋಡಿ ತಿಳಿಯಬೇಕು. ಮೊದಲ ಸುತ್ತು ಸಲೀಸು, ಎರಡನೆಯದೂ ಸಲೀಸು.

ಮೂರನೆಯದರಲ್ಲಿ ಎಡವಟ್ಟಾಯಿತು. ನೆಲದಿಂದ ಇನ್ನೂ ಎರಡಾಳು ಎತ್ತರದಲ್ಲಿರುವಾಗಲೇ ಮೂಗು ಎದ್ದಿತು. ವಿಮಾನ ಇಳಿಯುವುದು ಬಿಟ್ಟು ಉಬ್ಬಿ ಮೇಲಕ್ಕೆ ಹೋಯಿತು. ಹೀಗೆ ಉಬ್ಬಿದ್ದು ವೇಗ ಕಳೆದುಕೊಂಡು ದೊಪ್ಪೆಂದು ಬೀಳುತ್ತದೆ. ಜೋಯಾ “ಮೇಡಂ!” ಎಂದು ಅವಳ ತೋಳು ಹಿಡಿದಳು.

ಮಲ್ಕಾಳಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಇದು ಬಾಲರಾಜ್‌ನ ಕೈಯಲ್ಲ. ಪರೀಕ್ಷಕರು ಬೇಕೆಂದೇ ಬೇಗ ಎಳೆದಿದ್ದಾರೆ, ಇವನು ಕಿತ್ತುಕೊಳ್ಳುತ್ತಾನೋ ಇಲ್ಲವೋ ನೋಡಲು. ಬಾಲರಾಜ್ ಕಿತ್ತುಕೊಂಡರೆ ಮೂಗು ಹೇಗೆ ಗಕ್ಕನೆ ಕೆಳಗೆ ಬೀಳುತ್ತದೆ ಎಂಬುದನ್ನು ಅವಳು ಈ ಬೇಲಿಯಿಂದ ವರ್ಷಗಟ್ಟಲೆ ನೋಡಿದ್ದಳು. ಆ ಮೂಗನ್ನೇ ನೋಡಿದಳು.

ಮೂಗು ಬೀಳಲಿಲ್ಲ. ಏರಿದ ಕಡೆ ನಿಂತಿತು. ಎಂಜಿನ್ನಿನ ಸದ್ದು ಒಂದಿಷ್ಟು ದಪ್ಪವಾಯಿತು. ವಿಮಾನ ಹೊಸದಾಗಿ ಸೈಕಲ್ ಕಲಿಯುವವರ ಹಾಗೆ ಆ ಕಡೆ ಈ ಕಡೆ ವಾಲಾಡುತ್ತ ಮೆಲ್ಲಗೆ ಕೆಳಗೆ ಬಂತು. ಎಡಚಕ್ರ ಮೊದಲು, ಬಲಚಕ್ರ ಆಮೇಲೆ, ಸಣ್ಣದೊಂದು ಕುಪ್ಪಳಿಕೆ, ಮತ್ತೆ ನೆಲ. ಬಲು ಕೊಳಕು ಇಳಿತ ಅದು. ಅದಕ್ಕಿಂತ ಚೆಂದದ ಇಳಿತವನ್ನು ಮಲ್ಕಾ ಹದಿನೇಳು ವರ್ಷದಲ್ಲಿ ನೋಡಿರಲಿಲ್ಲ.

“ಮುಟ್ಟಿಲ್ಲ! ಅವನು ಮುಟ್ಟಿಲ್ಲ ಕಣೇ ಜೋಯಾ, ಮಾತಲ್ಲೇ ಇಳಿಸ್ದ!” ಎಂದು ಕೂಗಿ ಹುಡುಗಿಯನ್ನು ತಬ್ಬಿಕೊಂಡಳು. ತಾನೇ ಪಾಸಾದಷ್ಟು ಖುಷಿ. ಅಪ್ಪನ ತಾರಸಿಯ ಮೇಲೆ ನಿಂತ ಹಾಗಿತ್ತು. ಆಮೇಲೆ, ಕಣ್ಣೊರೆಸಿಕೊಳ್ಳುವಾಗ, ಬಾಲರಾಜ್ ಪಾಸಾದ ಮೇಲೆ ತನ್ನ ಕೋಣೆಗೆ ಏನಾಗುತ್ತದೆ ಎಂಬುದು ನೆನಪಾಗಿ ನೀರಿನ ಟ್ಯಾಂಕಿನ ಕಡೆ ತಿರುಗಿ ನೋಡಿದಳು.

ಆಫೀಸಿನಿಂದ ಕರೆ ಬಂತು. ಒಳಗೆ ಗಯಾಸ್ ಸಾಹೇಬರು ಬಾದಾಮಿ ಹಾಲು ತರಿಸಿದ್ದರು. ಪರೀಕ್ಷಕರು ಕಾಗದಕ್ಕೆ ಸಹಿ ಹಾಕಿ ಪೆನ್ನು ಮುಚ್ಚುತ್ತಿದ್ದರು. ಬಾಲರಾಜ್ ಗೋಡೆಗೆ ಒರಗಿ ನಿಂತಿದ್ದ.

“ಮೂರು ವಾರದ ಹಿಂದ ಈ ಮನಷ್ಯಾಗ ಬಾಯಿ ಇದ್ದಿದ್ದಿಲ್ರಿ,” ಎಂದರು ಪರೀಕ್ಷಕರು. “ಇವತ್ತ ನಾ ಬೇಕಂತ ತಪ್ಪು ಮಾಡಿದೆ. ಇವರ ಕೈ ತೊಡಿ ಮ್ಯಾಲೇ ಇತ್ತು. ‘ಹಂಗೇ ಹಿಡೀರಿ, ಈಗ ವಿಮಾನ ಕುಸೀತೈತಿ ಅನಸ್ತೈತಿ, ಹೆದರಬ್ಯಾಡ್ರಿ, ಎರಡು ಬೆರಳು ಪವರ್ ಕೊಡ್ರಿ’ ಅಂದ್ರು. ನಲವತ್ತು ವರ್ಷ ಹಾರೇನಿ, ನಂಗೇ ಧೈರ್ಯ ಬಂತು. ಯಾರು ಕಲಿಸಿದ್ರು ಇವರಿಗೆ?”

“ಮೇಡಂ,” ಎಂದ ಬಾಲರಾಜ್, ಮಲ್ಕಾಳ ಕಡೆ ಕೈ ತೋರಿಸಿ.

ಗಯಾಸ್ ಸಾಹೇಬರು ನಕ್ಕರು. “ಒಳ್ಳೇದಾಯ್ತು. ಹಂಗಾದ್ರೆ ಇನ್ನು ಮೇಲಿಂದೂ ಕೆಳಗಿಂದೂ ಬಾಲರಾಜ್‌ನೇ...”

“ಇಲ್ಲ ಸಾರ್,” ಎಂದ ಬಾಲರಾಜ್. “ಕಾಗದದಲ್ಲಿ ನಂಗೆ ಹಕ್ಕು ಬಂತು, ಕೆಲಸ ಬಂದಿಲ್ಲ. ಒಂದು ಲ್ಯಾಂಡಿಂಗ್ ಹೇಳೋದು ಕಲಿಯೋಕೆ ಮೂರು ವಾರ ಏಟು ತಿಂದಿದೀನಿ. ಇನ್ನು ಮೋಡ, ನಕ್ಷೆ, ಎಂಜಿನ್ನು ಅಂದ್ರೆ ನನ್ನ ಕಥೆ ಅಷ್ಟೇ. ಸ್ಟಿಕ್ ಹಿಡೀದೇ ಇರೋರು ಏನ್ ಹೇಳ್ಕೊಡ್ತಾರೆ ಅಂತ ನಾನೇ ಅಂದಿದ್ದೆ. ಹಿಡೀದೇ ಕಲಿಸೋದು ಅವ್ರಿಗೊಬ್ರಿಗೇ ಬರೋದು ಸಾರ್. ಆ ಕ್ಲಾಸ್ ಮುಚ್ಚಿದ್ರೆ ನಾನು ಮೇಲಕ್ಕೆ ಯಾರ್ನೂ ಕರ್ಕೊಂಡೋಗಲ್ಲ.”

ಸಾಹೇಬರು ಬಾದಾಮಿ ಹಾಲಿನ ಲೋಟ ಕೆಳಗಿಟ್ಟರು. ಮುಖದಲ್ಲಿ ಲೆಕ್ಕ ಓಡುತ್ತಿತ್ತು, ಆದರೆ ಕೂಡಿಬರುತ್ತಿರಲಿಲ್ಲ. ಕೂಡಿಸಿಕೊಟ್ಟವರು ಪರೀಕ್ಷಕರು.

“ಇಂಥಾವರು ನನ್ನ ಹತ್ರ ಇನ್ನೂ ಆರು ಮಂದಿ ಫೇಲಾಗ್ಯಾರ,” ಎಂದರು ಮೀಸೆಯಲ್ಲೇ ನಗುತ್ತ. “ಬ್ಯಾರೆ ಬ್ಯಾರೆ ಊರಾವ್ರು. ಹಾರಾಕ ಎಲ್ಲಾರಿಗೂ ಬರ್ತದ, ಹೇಳಾಕ ಬರೂದಿಲ್ಲ. ಬಾಯಿ ಕಲಸೋ ಸಾಲಿ ಎಲ್ಲೈತಿ ಅಂತ ಕೇಳ್ತಾರ. ಇಲ್ಲಿಗೆ ಕಳಿಸ್ಲೇನು?”

ಗಯಾಸ್ ಸಾಹೇಬರ ಬೆನ್ನು ನೆಟ್ಟಗಾಯಿತು. ಒಬ್ಬರು ಸಾಕು, ಇಬ್ಬರು ಯಾಕೆ ಎಂಬ ಲೆಕ್ಕವೆಲ್ಲ ಗಾಳಿಗೆ ಹೋಯಿತು. “ಕಳಿಸಿ ಸಾರ್, ಕಳಿಸಿ. ನಮ್ಮ ಮೇಡಂ ಇದಾರಲ್ಲ! ಮೇಡಂ, ಕ್ಲಾಸು ಹಿಂದಿನ ಹಂಗೇ ನಡೀಲಿ.”

“ಹಿಂದಿನ ಹಂಗೆ ಬೇಡ ಸಾಹೇಬ್ರೇ,” ಎಂದಳು ಮಲ್ಕಾ. ತನ್ನ ದನಿ ಇಷ್ಟು ಗಟ್ಟಿಯಾಗಿದೆಯೆಂದು ಅವಳಿಗೇ ಆಶ್ಚರ್ಯವಾಯಿತು. “ನನ್ನ ಕೋಣೆಯಲ್ಲಿ ಪಾಠ ಮುಗೀದೆ, ನನ್ನ ಸಹಿ ಇಲ್ದೆ ಯಾರೂ ವಿಮಾನ ಹತ್ತಬಾರದು. ಕಲಿಯೋರೂ ಅಷ್ಟೇ, ಕಲಿಸೋರೂ ಅಷ್ಟೇ.”

“ಆಯ್ತಾಯ್ತು, ಬರ್ಕೊಡೋಣ.”

“ಈಗ್ಲೇ ಬರ್ಕೊಡಿ.”

ಸಾಹೇಬರು ಪರೀಕ್ಷಕರ ಪೆನ್ನನ್ನೇ ಇಸಿದುಕೊಂಡು ಶಾಲೆಯ ಕಾಗದದ ಮೇಲೆ ಬರೆದುಕೊಟ್ಟರು. ಮಲ್ಕಾ ಓದಿದಳು, ಒಂದು ಕಡೆ ‘ಕಲಿಸುವವರು’ ಬಿಟ್ಟುಹೋಗಿತ್ತು, ಅದನ್ನೂ ಸೇರಿಸಿದಳು. ಆಮೇಲೆ ಬಾದಾಮಿ ಹಾಲು ಕುಡಿದಳು.

ಜನವರಿಯ ಮೂರನೆಯ ಗುರುವಾರ ಜೋಯಾ ಒಬ್ಬಳೇ ಹಾರಿ ಒಬ್ಬಳೇ ಇಳಿದಳು. ಬಾಲರಾಜ್ ಬೇಲಿಯ ಹತ್ತಿರ ನಿಂತು, ಯಾರಿಗೂ ಕೇಳಿಸದಿದ್ದರೂ, ಕೊನೆಯವರೆಗೂ ಬಾಯಲ್ಲಿ ಹೇಳುತ್ತಲೇ ಇದ್ದ.

ಅದರ ಮುಂದಿನ ಸೋಮವಾರ ಏಳು ಗಂಟೆಯ ತರಗತಿಗೆ ಮಲ್ಕಾ ಬೋರ್ಡಿನ ಮೇಲೆ ತಾರೀಕು ಬರೆಯುತ್ತಿದ್ದಳು. ಬಾಗಿಲಲ್ಲಿ ನೆರಳಾಯಿತು. ತಿರುಗಿದರೆ ಮೂವರು ಅಪರಿಚಿತರು, ಒಬ್ಬೊಬ್ಬರ ಭುಜದ ಮೇಲೂ ಚಿನ್ನದ ಪಟ್ಟಿ, ಕೈಯಲ್ಲಿ ಹೊಸ ನೋಟ್‌ಬುಕ್ಕು. ಅವರಲ್ಲಿ ಹಿರಿಯನಿಗೆ ತಲೆ ನರೆತಿತ್ತು.

“ಒಳಗೆ ಬರಬಹುದಾ ಮೇಡಂ?” ಎಂದ ಅವನು.

ಮಲ್ಕಾ ಗೋಡೆಯ ಗಡಿಯಾರ ನೋಡಿದಳು. ಏಳು ಗಂಟೆ ಎರಡು ನಿಮಿಷ.

“ತಡ ಆಗಿದೆ, ಹೊರಗೆ ನಿಂತ್ಕೊಳ್ಳಿ,” ಎಂದಳು. ಮೂವರು ಕ್ಯಾಪ್ಟನ್ನರು ನೀರಿನ ಟ್ಯಾಂಕಿನ ಪಕ್ಕ ಸಾಲಾಗಿ ನಿಂತರು. ಮಲ್ಕಾ ಬೋರ್ಡಿನ ಕಡೆ ತಿರುಗಿ, ಅವರಿಗೆ ಕಾಣದ ಹಾಗೆ ಮನಸಾರೆ ನಕ್ಕು, ಸರಿಯಾಗಿ ಎರಡು ನಿಮಿಷ ಕಾಯಿಸಿ ಒಳಗೆ ಕರೆದಳು.